ಕಿಲಾರಿ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ದೇವರ ಎತ್ತುಗಳ ಪಾಲಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ, ಅವಕ್ಕೆ ಹೊಂದಿಕೊಂಡ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹಟ್ಟಿಗಳಲ್ಲಿ, ದೇವರ ಹೆಸರಿಗೆ ಬಿಟ್ಟ ದನಗಳನ್ನು ಕಾಯುವವನೇ ಕಿಲಾರಿ. ಮ್ಯಾಸಬೇಡರು ಅಥವಾ ಮ್ಯಾಸನಾಯಕರು ಎಂದು ಕರೆಸಿಕೊಳ್ಳುವ ಬುಡಕಟ್ಟಿನಲ್ಲಿ ಪೂಜಾರಿ, ಯಜಮಾನರ ಸ್ಥಾನಗಳ ಜೊತೆಗೆ ಕಿಲಾರಿಯದೂ ಒಂದು ಸ್ಥಾನ. ಅವನು ಕೂಲಿಗೆ ದನ ಕಾಯುವ ಆಳಲ್ಲ, ಹಿಂಡಿನ ಒಡೆಯನೂ ಅಲ್ಲ. ಮನುಷ್ಯ ಮತ್ತು ಎತ್ತಿನ ನಡುವಿನ ಕಸುಬುಗಾರಿಕೆ ಜಗತ್ತಿನಲ್ಲಿ ಹಲವು ರೂಪ ತಾಳಿದೆ. ಅಮೆರಿಕದ ಪಶ್ಚಿಮ ಬಯಲಿನಲ್ಲಿ ಅದು ರೋಡಿಯೊ ಸವಾರನನ್ನು ಹುಟ್ಟಿಸಿತು, ತುಳುನಾಡಿನಲ್ಲಿ ಕಂಬಳದ ಓಟಗಾರನನ್ನು, ಹಾವೇರಿ–ಶಿವಮೊಗ್ಗದ ಕಡೆ ಹೋರಿ ಹಿಡಿಯುವವನನ್ನು. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿದವನು ಕಿಲಾರಿ. ಇವರಲ್ಲಿ ಅತ್ಯಂತ ಕಡಿಮೆ ಹೆಸರು ಪಡೆದವನೂ ಅವನೇ. ಅವನಿಗೆ ಪದಕವಿಲ್ಲ, ದಾಖಲೆಯ ಪುಸ್ತಕವಿಲ್ಲ. ಇದಕ್ಕೆ ಕಾರಣವನ್ನು ಸಾಮಾನ್ಯವಾಗಿ ನಂಬಿಕೆಯಲ್ಲಿ ಹುಡುಕುತ್ತಾರೆ. ನಿಜವಾದ ಕಾರಣ ನೆಲದಲ್ಲಿದೆ, ಅಂದರೆ ಹುಲ್ಲುಗಾವಲು ಯಾರದು, ದನ ಯಾರದು ಎಂಬುದರಲ್ಲಿ ಇದೆ ಎಂಬುದು ಈ ಲೇಖನದ ವಾದ. ಕಿಲಾರಿಯ ಬದುಕು ಇಂದು ಕುಗ್ಗುತ್ತಿರುವುದಕ್ಕೂ ಅದೇ ಕಾರಣ.

ಹೋಲಿಕೆಗೆ ಮೊದಲು ರೋಡಿಯೊವನ್ನು ನೋಡಬೇಕು. ಮೆಕ್ಸಿಕೊದ ದನಗಾಹಿಗಳಿಂದ ಕಲಿತ ವಿದ್ಯೆ ಅದು. ಬೇಲಿಯಿಲ್ಲದ ಬಯಲಿನಲ್ಲಿ ಮೇಯುವ ಸಾವಿರಾರು ದನಗಳನ್ನು ವರ್ಷಕ್ಕೊಮ್ಮೆ ಅಟ್ಟಿ ತಂದು, ಹಗ್ಗ ಬೀಸಿ ಹಿಡಿದು, ಬರೆ ಹಾಕಿ ಗುರುತು ಮಾಡುವುದು ದನಗಾಹಿಯ ಮಾಮೂಲಿ ಕೆಲಸವಾಗಿತ್ತು. ಆ ಕೆಲಸದಲ್ಲಿ ಯಾರು ಗಟ್ಟಿಗ ಎಂಬ ಪಂದ್ಯವೇ ಬೆಳೆದು, 19ನೇ ಶತಮಾನದ ಕೊನೆಯಲ್ಲಿ ಟಿಕೆಟ್ಟಿನ ಆಟವಾಯಿತು. ವಯೋಮಿಂಗ್ ಸಂಸ್ಥಾನದ ಶೈಯೆನ್ ಪಟ್ಟಣದ ಪ್ರಸಿದ್ಧ ಕೂಟ ಶುರುವಾದದ್ದು 1897ರಲ್ಲಿ. ಟೆಕ್ಸಾಸಿನ ಕಪ್ಪು ದನಗಾಹಿ ಬಿಲ್ ಪಿಕೆಟ್ ಓಡುವ ಕುದುರೆಯಿಂದ ಹೋರಿಯ ಮೇಲೆ ಜಿಗಿದು, ಕೊಂಬು ಹಿಡಿದು, ಅದರ ತುಟಿ ಕಚ್ಚಿ ಕೆಡವುವ ಪಟ್ಟನ್ನು ರೂಢಿಗೆ ತಂದ. ಅವನು 1932ರಲ್ಲಿ ಕುದುರೆಯ ಒದೆತಕ್ಕೆ ಸತ್ತ. 1936ರಲ್ಲಿ ಬಾಸ್ಟನ್ ನಗರದಲ್ಲಿ ಬಹುಮಾನದ ಹಣ ಸಾಲದೆಂದು ಸವಾರರು ಕಣ ಬಿಟ್ಟು ಹೊರನಡೆದು ಸಂಘ ಕಟ್ಟಿಕೊಂಡ ಮೇಲೆ ಇದು ಪೂರ್ಣಾವಧಿ ವೃತ್ತಿಯಾಯಿತು. ಹೋರಿ ಸವಾರಿಯ ಲೆಕ್ಕ ಎಂಟು ಸೆಕೆಂಡಿನದು. ಒಂದೇ ಕೈಯಲ್ಲಿ ಹಗ್ಗ ಹಿಡಿದು ಅಷ್ಟು ಹೊತ್ತು ಕುಳಿತರೆ ಅಂಕ, ಬಿದ್ದರೆ ಸೊನ್ನೆ. ಕೊಲರಾಡೊದಲ್ಲಿ 1963ರಲ್ಲಿ ಹುಟ್ಟಿದ ಲೇನ್ ಫ್ರಾಸ್ಟ್ 1987ರಲ್ಲಿ ಹೋರಿ ಸವಾರಿಯ ವಿಶ್ವ ಚಾಂಪಿಯನ್ ಆದ. 1988ರಲ್ಲಿ, ಅದುವರೆಗೆ ಯಾರಿಗೂ ಮಣಿಯದಿದ್ದ ರೆಡ್ ರಾಕ್ ಎಂಬ ಹೋರಿಯ ಮೇಲೆ ಏಳು ಸುತ್ತುಗಳಲ್ಲಿ ನಾಲ್ಕನ್ನು ಗೆದ್ದ. 1989ರ ಜುಲೈ 30ರಂದು ಶೈಯೆನ್‌ನ ಕಣದಲ್ಲಿ ಬೇರೊಂದು ಹೋರಿಯಿಂದ ಇಳಿದವನನ್ನು ಆ ಹೋರಿ ಕೊಂಬಿನಿಂದ ಹೊಡೆದು ಕೊಂದಿತು. ಆಗ ಅವನಿಗೆ 25 ವರ್ಷ. ಚಾಂಪಿಯನ್ ಸವಾರನ ಜೀವನಚರಿತ್ರೆ ಬಹುಪಾಲು ಹೀಗೆಯೇ ಇರುತ್ತದೆ: ಚಿಕ್ಕ ವಯಸ್ಸು, ಎಣಿಸಿದ ಗೆಲುವು, ಎಣಿಸಿದ ಹಣ, ಮುರಿದ ಮೂಳೆ. ಕಿಲಾರಿಯ ಕಥೆಗೆ ಬೇಕಾಗುವ ಎರಡು ಸಂಗತಿಗಳನ್ನು ಮಾತ್ರ ಇಲ್ಲಿಂದ ಎತ್ತಿಕೊಳ್ಳೋಣ. ರೋಡಿಯೊದಲ್ಲಿಯೂ ನೂರು ಅಂಕಗಳಲ್ಲಿ ಅರ್ಧ ಹೋರಿಗೇ ಸಲ್ಲುತ್ತದೆ. ಇನ್ನೊಂದು, ಆ ಕಣಗಳಲ್ಲಿ ಕುಪ್ಪಳಿಸುವ ಹೋರಿಗಳಲ್ಲಿ ಬಹಳಷ್ಟಕ್ಕೆ ಬ್ರಾಹ್ಮನ್ ತಳಿಯ ರಕ್ತವಿದೆ. ಆ ತಳಿಯನ್ನು ಅಮೆರಿಕನ್ನರು ಕಟ್ಟಿದ್ದು ಗಿರ್, ಕಾಂಕ್ರೇಜ್, ಒಂಗೋಲು ಮತ್ತು ನಮ್ಮದೇ ಕೃಷ್ಣಾ ಕೊಳ್ಳದ ದನಗಳಿಂದ. ಅಲ್ಲಿ ಸವಾರನನ್ನು ಎಸೆಯುವ ಹೋರಿ ದೂರದ ಸಂಬಂಧದಲ್ಲಿ ನಮ್ಮ ಕಡೆಯದೇ.

ಹಾಗಾದರೆ ಇಲ್ಲಿ ದನ ಪಳಗಿಸುವ ಪೌರುಷದ ವಿದ್ಯೆ ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ನೆಲ ಬೇಸಾಯಕ್ಕಿಂತ ಹುಲ್ಲಿಗೆ ಒಗ್ಗಿದ್ದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನದಿಂದ ಹೆಸರಾಗಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ನಡೆಸಿದ ಉತ್ಖನನ ಅಶೋಕನಿಗಿಂತ ಬಹಳ ಹಿಂದಿನ ನವಶಿಲಾಯುಗದ ಜನವಸತಿಯನ್ನು ತೋರಿಸಿತು. ಪಕ್ಕದ ಬಳ್ಳಾರಿಯ ಕುಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಕೆತ್ತನೆಗಳು ಇಂದಿಗೂ ಇವೆ. ತುರುಗಾಳಗದಲ್ಲಿ ಸತ್ತವರ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ನಿಂತಿವೆ. ಮುಂದೆ ಮೈಸೂರು ಅರಸರು ಬಯಲುಗಳನ್ನು ದನ ಮೇಯಲೆಂದೇ ಮೀಸಲಿಟ್ಟು ಕಾವಲುಗಳನ್ನು ಮಾಡಿದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳು ಫಿರಂಗಿ ಎಳೆಯುವ ವೇಗವೇ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಬಲ ಕೊಟ್ಟಿತ್ತು. 1799ರ ನಂತರ ಹಿಂಡು ಇಂಗ್ಲಿಷರ ಪಾಲಾಯಿತು. ಕಾವಲಿನಲ್ಲಿ ಕಾಡುಪ್ರಾಣಿಗಳಂತೆ ಬೆಳೆದ ಹೋರಿಗಳನ್ನು ಗಟ್ಟಿ ಆವರಣದೊಳಕ್ಕೆ ಅಟ್ಟಿ, ಹಗ್ಗ ಎಸೆದು ಹಿಡಿದು, ಕಂಬಕ್ಕೆ ಬಿಗಿದು, ಪಳಗಿದ ಎತ್ತಿನ ಜೊತೆ ಜೋಡಿ ಕಟ್ಟಿ ಸಾಧು ಮಾಡುತ್ತಿದ್ದರು. ಇದು ಟೆಕ್ಸಾಸಿನ ಕೆಲಸಕ್ಕೆ ತೀರಾ ಹತ್ತಿರದ್ದು. ಆದರೂ ಇದರಿಂದ ಆಟ ಹುಟ್ಟಲಿಲ್ಲ. ದನ ಸರ್ಕಾರದ್ದು, ಕಾವಲು ಸರ್ಕಾರದ್ದು, ಪಳಗಿಸುವವನು ಸಂಬಳದ ನೌಕರ, ಪಳಗಿದ ಎತ್ತು ಸೈನ್ಯಕ್ಕೆ. ನೋಡುವ ಜನ ಸೇರುವುದಕ್ಕೆ ಅಲ್ಲಿ ಕಾರಣವೇ ಇರಲಿಲ್ಲ. 1860ರಲ್ಲಿ ಖರ್ಚಿನ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ, ಕೆಲವೇ ವರ್ಷಗಳಲ್ಲಿ ಮತ್ತೆ ತೆರೆದರು. ಕಚೇರಿಯ ಒಂದು ಸಹಿಗೆ ಮುಚ್ಚುವ ವಿದ್ಯೆ ಜನರ ಹೆಮ್ಮೆಯಾಗಿ ಬೆಳೆಯುವುದು ಕಷ್ಟ.

ಇದೇ ಬಯಲಿನಲ್ಲಿ, ಸರ್ಕಾರದ ಹಿಂಡಿನ ಪಕ್ಕದಲ್ಲೇ, ಬೇರೊಂದು ರೀತಿಯ ದನ ಮೇಯುತ್ತಿತ್ತು. ಮ್ಯಾಸನಾಯಕರು ಒಂದೊಂದು ಕಟ್ಟೆಮನೆಗೆ, ಅಂದರೆ ಕುಲದ ಮೂಲ ನೆಲೆಗೆ, ಒಂದೊಂದು ದೇವರಿಗೆ ಸೇರಿದ ಹಿಂಡುಗಳನ್ನು ಸಾಕಿಕೊಂಡು ಬಂದಿದ್ದಾರೆ. ಬೋಸೆದೇವರು, ಬೊಮ್ಮದೇವರು, ಓಬಳದೇವರು, ಕಂಪಳರಂಗಸ್ವಾಮಿ ಹೀಗೆ ದೇವರ ಹೆಸರಿನಲ್ಲೇ ಹಿಂಡಿನ ಗುರುತು. ಹರಕೆ ಹೊತ್ತವರು ಕರುವನ್ನು ದೇವರಿಗೆ ಬಿಡುತ್ತಾರೆ. ಬಿಟ್ಟ ಮೇಲೆ ಅದಕ್ಕೆ ನೊಗವಿಲ್ಲ, ಗಾಡಿಯಿಲ್ಲ, ಮಾರಾಟವಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಕಿಲಾರಿಯ ಬದುಕು ಈ ಹಿಂಡಿನ ಜೊತೆಯಲ್ಲೇ ಕಳೆಯುತ್ತದೆ. ಹುಡುಗನಾಗಿದ್ದಾಗ ಹಿರಿಯ ಕಿಲಾರಿಯ ಹಿಂದೆ ಹೋಗಿ ಕಲಿಯುತ್ತಾನೆ. ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ, ಯಾವ ಬೋರೆಯಲ್ಲಿ ಬಾದೆಹುಲ್ಲು ಮೊದಲು ಚಿಗುರುತ್ತದೆ, ಯಾವ ಎತ್ತು ಮುಂದಾಳು, ಯಾವುದು ಬೇರೆ ಹಿಂಡಿನ ಮೇಲೆ ಹಾಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮೂಗುದಾರ ಕಾಣದ, ಮನುಷ್ಯನ ಭಾರ ಹೊರದ ದನವನ್ನು ಬರಿಯ ಕೂಗಿನಿಂದ, ಕೋಲಿನ ಸನ್ನೆಯಿಂದ ನಡೆಸಬೇಕು. ಸಂಜೆ ರೊಪ್ಪಕ್ಕೆ ತರಬೇಕು. ಚಿರತೆ, ತೋಳದ ಭಯವಿರುವಲ್ಲಿ ರಾತ್ರಿಯೂ ಅಲ್ಲಿಯೇ ಮಲಗಬೇಕು. ಮಳೆ ಕೈಕೊಟ್ಟ ವರ್ಷ ಹಿಂಡು ಹೊಡೆದುಕೊಂಡು ದೂರದ ಸೀಮೆಗೆ ನಡೆಯಬೇಕು. ಊಟ ಹಟ್ಟಿಯಿಂದ ಬರುತ್ತದೆ, ಮೇವನ್ನು ಭಕ್ತರು ಕೊಡುತ್ತಾರೆ. ಸಂಬಳ ಎಂಬುದು ಬಹುತೇಕ ಇಲ್ಲ. ರೋಡಿಯೊ ಸವಾರನಿಗೆ ಎಂಟು ಸೆಕೆಂಡು ಸಾಕು. ಕಿಲಾರಿಗೆ ಒಂದು ಎತ್ತಿನ ಪೂರ್ತಿ ಆಯುಸ್ಸು ಬೇಕು, ಅದರ ನಂತರ ಇನ್ನೊಂದರದು. ಸವಾರ ಕಾಡು ಹೋರಿಯನ್ನು ಗೆಲ್ಲುವುದರಿಂದ ಹೆಸರು ಪಡೆಯುತ್ತಾನೆ. ಕಿಲಾರಿಯ ಯೋಗ್ಯತೆಯನ್ನು ಹಟ್ಟಿ ಅಳೆಯುವುದು ಹೋರಿ ಯಾರಿಗೂ ಸೋಲದಂತೆ ಅವನು ಉಳಿಸಿಕೊಂಡನೇ ಎಂಬುದರಿಂದ.

ಸ್ಪರ್ಧೆಯೇ ಇಲ್ಲವೆಂದಲ್ಲ. ಹಬ್ಬಗಳಲ್ಲಿ, ಜಾತ್ರೆಗಳಲ್ಲಿ, ಹಿರಿಯರ ಸ್ಮರಣೆಯ ಕಾರ್ಯಗಳಲ್ಲಿ ಬೇರೆ ಬೇರೆ ಕಟ್ಟೆಮನೆಗಳ ದೇವರ ಎತ್ತುಗಳು ಒಂದೆಡೆ ಸೇರುತ್ತವೆ. ಕೊಂಬಿಗೆ ಬಣ್ಣ, ಕೊರಳಿಗೆ ಹೂವು ಹಾಕಿ, ಉರುಮೆ ಬಡಿದು, ದೂರದಿಂದ ಹಿಂಡನ್ನು ಓಡಿಸುತ್ತಾರೆ. ಎತ್ತಿನ ಬೆನ್ನ ಮೇಲೆ ಯಾರೂ ಇರುವುದಿಲ್ಲ, ಜೋಡಿಗೆ ನೊಗವೂ ಇರುವುದಿಲ್ಲ. ಕಿಲಾರಿಗಳು ಪಕ್ಕದಲ್ಲಿ, ಹಿಂದೆ ಓಡುತ್ತಾರೆ. ಗುರುತು ಮಾಡಿದ ಜಾಗವನ್ನು ಮೊದಲು ಮುಟ್ಟಿದ ಎತ್ತು ಗೆದ್ದಂತೆ. ಕೆಲವು ಓಟಗಳಲ್ಲಿ ಬಹುಮಾನವೆಂದರೆ ನಿಂಬೆಹಣ್ಣು, ಅಷ್ಟೇ. ಹಣದ ಲೆಕ್ಕದಲ್ಲಿ ಇದು ನಗುವ ಮಾತಾಗಿ ಕಾಣಬಹುದು. ಆದರೆ ಗೆಲುವು ಯಾವ ಹಟ್ಟಿಯ ಎತ್ತಿನದು ಎಂಬ ಮಾತು ವರ್ಷವಿಡೀ ಸೀಮೆಯಲ್ಲಿ ಓಡಾಡುತ್ತದೆ. ಗೆದ್ದದ್ದು ಎತ್ತು, ಹೆಸರು ದೇವರಿಗೆ, ಹಿಗ್ಗು ಹಟ್ಟಿಗೆ. ಕಿಲಾರಿಯ ಹೆಸರು ಈ ಮೂರರ ಹಿಂದೆ ನಿಲ್ಲುತ್ತದೆ. ಚಳ್ಳಕೆರೆ ತಾಲ್ಲೂಕಿನ ಪಶುಪಾಲಕರಾದ ಕಾಡುಗೊಲ್ಲರಲ್ಲಿಯೂ ಇಂಥದೇ ಒಂದು ಧೈರ್ಯವಿದೆ. ಕ್ಯಾತೇದೇವರ ಜಾತ್ರೆಯಲ್ಲಿ ಬಾರೆ ಮುಳ್ಳಿನಿಂದ ಕಟ್ಟಿದ ಗುಡಿಯನ್ನು ಬರಿಗಾಲಿನಲ್ಲಿ ಹತ್ತಿ ಕಳಶ ಕೀಳುತ್ತಾರೆ. ಅಲ್ಲಿಯೂ ಗೆಲುವನ್ನು ಒಬ್ಬನ ಖಾತೆಗೆ ಬರೆಯುವ ರೂಢಿಯಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೆಸರಿಲ್ಲದವನನ್ನು ಚಾಂಪಿಯನ್ನನ ಸಾಲಿನಲ್ಲಿ ನಿಲ್ಲಿಸುವುದು ಅಭಿಮಾನದ ಉಬ್ಬರ, ಹೆಸರು ಪಡೆಯುವಂಥ ಸಾಧನೆ ಇದ್ದಿದ್ದರೆ ಹೆಸರು ಉಳಿಯುತ್ತಿತ್ತು ಎಂದು ಹೇಳಬಹುದು. ಹೆಸರು ಉಳಿದಿದೆ, ಉಳಿದ ಬಗೆ ಬೇರೆ. ಮ್ಯಾಸನಾಯಕರ ಗಾದ್ರಿಪಾಲನಾಯಕ ಹುಲಿಯೊಡನೆ ಹೋರಾಡಿ ಸತ್ತ ವೀರನಾಗಿ ಪೂಜೆಗೊಳ್ಳುತ್ತಾನೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯದಲ್ಲಿ ನಾಯಕನಷ್ಟೇ ಎತ್ತರಕ್ಕೆ ಅವನ ಹೋರಿ ಬಡಮೈಲ ನಿಲ್ಲುತ್ತದೆ. ಗಣೆ ಎಂಬ ಕೊಳಲಿನ ನಾದದ ಜೊತೆ ಅದನ್ನು ರಾತ್ರಿಯಿಡೀ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ಕನ್ನಡದ ಓದುಗರಿಗೆ ತಲುಪಿಸಿದರು. ದನ ಕಾದವನು ಇಲ್ಲಿ ಸತ್ತ ಮೇಲೆ ದೇವರಾಗುತ್ತಾನೆ, ಬದುಕಿರುವಾಗ ತಾರೆಯಾಗುವುದಿಲ್ಲ. ಕಂಬಳದ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಸುದ್ದಿಯಾದದ್ದೇ ತಡ, ಉಸೇನ್ ಬೋಲ್ಟ್ ಜೊತೆ ಹೋಲಿಕೆ, ಕೇಂದ್ರ ಕ್ರೀಡಾ ಸಚಿವರ ಆಹ್ವಾನ ಎಲ್ಲವೂ ಬಂದವು. ಕೆಸರಿನಲ್ಲಿ ಕೋಣಗಳ ಎಳೆತದ ಬಲದಿಂದ ಓಡುವುದನ್ನು ಗಟ್ಟಿ ಟ್ರ್ಯಾಕಿನ ಓಟಕ್ಕೆ ಹೋಲಿಸುವುದು ಸರಿಯಲ್ಲ, ಅದು ಬೇರೆ ಮಾತು. ಕಂಬಳದ ಕೋಣಗಳಿಗೆ ಯಜಮಾನರಿದ್ದಾರೆ, ಓಟದ ಗದ್ದೆಯಾದ ಕರೆಗೆ ಅಳತೆಯಿದೆ, ಗಡಿಯಾರವಿದೆ, ನಿಗದಿತ ಋತುವಿದೆ. ಹೀಗಾಗಿ ಓಟಗಾರನ ದುಡಿಮೆಯನ್ನು ಕೋಣದಿಂದ ಬೇರ್ಪಡಿಸಿ ಲೆಕ್ಕ ಹಾಕಬಹುದು. ಖಾಸಗಿ ಒಡೆತನ ಇರುವ ಕಡೆ ಚಾಂಪಿಯನ್ ಹುಟ್ಟುತ್ತಾನೆ, ಸಾಮೂಹಿಕ ಒಡೆತನ ಇರುವ ಕಡೆ ಕುಲದ ವೀರ ಹುಟ್ಟುತ್ತಾನೆ. ರೋಡಿಯೊ ಮತ್ತು ದೇವರ ಎತ್ತಿನ ನಡುವಿನ ವ್ಯತ್ಯಾಸಕ್ಕೂ ಇದೇ ವಿವರಣೆ ಒಪ್ಪುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಉಳದ, ಎಳೆಯದ, ಮಾರದ ಎತ್ತುಗಳನ್ನು ಬರದ ನಾಡಿನಲ್ಲಿ ಸಾಕುವುದು ದಂಡ, ಇದಕ್ಕಾಗಿ ಒಂದು ಮನೆತನದ ಹುಡುಗರು ಶಾಲೆ ಬಿಟ್ಟು ಕಾವಲು ಸೇರುವುದು ಅನ್ಯಾಯ ಎಂಬುದು ಅದು. ಇದರ ಎರಡನೆಯ ಭಾಗವನ್ನು ಒಪ್ಪಲೇಬೇಕು. ಗೌರವ ಹೊಟ್ಟೆ ತುಂಬಿಸುವುದಿಲ್ಲ. ಕಿಲಾರಿಗಳಿಗೆ ಗೌರವಧನ ಕೊಡಬೇಕೆಂಬ ಬೇಡಿಕೆ ಹಟ್ಟಿಗಳಿಂದಲೇ ಬಂದಿರುವುದು, ಬರದ ವರ್ಷಗಳಲ್ಲಿ ದೇವರ ಎತ್ತಿಗೆ ಮೇವು ಕೊಡಿ ಎಂದು ದಾನಿಗಳನ್ನು ಕೇಳಿಕೊಳ್ಳುವುದು ಈ ಬದುಕಿನ ಬಡತನಕ್ಕೆ ಸಾಕ್ಷಿ. ಇದನ್ನು ಸಂಸ್ಕೃತಿಯ ಸೊಬಗೆಂದು ಹಾಡುವ ಲೇಖನಗಳು ಕಿಲಾರಿಯ ಉಪಕಾರಕ್ಕೆ ಬರುವುದಿಲ್ಲ. ಮೊದಲ ಭಾಗ ಮಾತ್ರ ಸರಿಯಲ್ಲ. ದೇವರ ಹಿಂಡುಗಳು ನೂರಾರು ವರ್ಷ ಈ ಒಣಹವೆಗೆ ಒಗ್ಗಿದ ನಾಟಿ ದನಗಳ ವಂಶವನ್ನು ಉಳಿಸಿಕೊಂಡು ಬಂದಿವೆ. ಟ್ರ್ಯಾಕ್ಟರ್ ಬಂದ ಮೇಲೆ ರೈತರ ಮನೆಯಿಂದ ಎತ್ತು ಮಾಯವಾದರೂ ಇಲ್ಲಿ ಉಳಿದದ್ದು, ಲಾಭ ನಷ್ಟದ ಲೆಕ್ಕ ಈ ಹಿಂಡಿಗೆ ಹತ್ತದಿದ್ದ ಕಾರಣಕ್ಕೆ. ಸರ್ಕಾರ ಅಮೃತ ಮಹಲ್ ತಳಿಗೆ ಅಜ್ಜಂಪುರದಲ್ಲಿ ಕೇಂದ್ರ ನಡೆಸಿ ಮಾಡುವ ಕೆಲಸವನ್ನು ಹಟ್ಟಿಗಳು ತಮ್ಮ ಖರ್ಚಿನಲ್ಲಿ, ಹರಕೆಯ ಹೆಸರಿನಲ್ಲಿ ಮಾಡಿವೆ. ಹಿಂಸೆಯ ಪ್ರಶ್ನೆಯನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆಯಿತು. ಕರ್ನಾಟಕ 2017ರಲ್ಲಿ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ದೇವರ ಎತ್ತಿನ ಓಟದಲ್ಲಿಯೂ ಗದ್ದಲ, ಬೆದರಿಕೆ ಇಲ್ಲವೆನ್ನಲಾಗದು, ಅದರ ಮೇಲೆ ಕಣ್ಣಿರಬೇಕು. ಆದರೆ ವರ್ಷದ ಉಳಿದ ದಿನ ನೊಗ, ಚಾಟಿ ಮುಟ್ಟಿಸಿಕೊಳ್ಳದ ಪ್ರಾಣಿಯನ್ನು ಹಿಂಸೆಯ ಮಾದರಿಯಾಗಿ ತೋರಿಸುವುದು ಹೊಂದುವುದಿಲ್ಲ.

ಈಗ ನೆಲದ ವಿಷಯ. ಹೊಸ ತಲೆಮಾರಿಗೆ ನಂಬಿಕೆ ಇಲ್ಲ, ಹಾಗಾಗಿ ಕಿಲಾರಿತನ ತಾನಾಗಿ ಕೊನೆಯಾಗುತ್ತಿದೆ ಎಂಬ ಮಾತು ಪ್ರಚಲಿತವಾಗಿದೆ. ಜಾತ್ರೆಗಳನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗಾಗಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗಾಗಲಿ ಜನ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ಹುಲ್ಲು. 2008ರಿಂದ 2010ರ ಹೊತ್ತಿಗೆ ಚಳ್ಳಕೆರೆ ತಾಲ್ಲೂಕಿನ ಖುದಾಪುರ, ವರವು, ದೊಡ್ಡ ಉಳ್ಳಾರ್ತಿ ಸುತ್ತಿನ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಸುತ್ತಲೂ ಉದ್ದನೆಯ ಗೋಡೆ ಎದ್ದಾಗ ಹಳ್ಳಿಗರಿಗೆ ವಿಷಯ ಗೊತ್ತಾಯಿತು. ಚೆನ್ನೈನ ಹಸಿರು ನ್ಯಾಯಪೀಠದಲ್ಲಿ ಪ್ರಕರಣ ನಡೆದು 2014ರ ಆಗಸ್ಟಿನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಮರುಬಳಕೆಯ ರಾಕೆಟ್ ವಾಹನವನ್ನು ಇಸ್ರೊ ಅಲ್ಲಿಯೇ ಇಳಿಸಿತು. ದೇಶಕ್ಕೆ ಇದು ಬೇಕು ಎನ್ನುವವರ ಮಾತು ಹಗುರವಲ್ಲ. ಇಷ್ಟು ಸಮತಟ್ಟಾದ, ಜನವಿರಳವಾದ ನೆಲ ಬೇರೆಡೆ ಸಿಗುವುದು ಸುಲಭವೂ ಅಲ್ಲ. ಆದರೆ ದಾಖಲೆಯಲ್ಲಿ ಆ ನೆಲವನ್ನು ಖಾಲಿ ಎಂದು ಬರೆದದ್ದು ತಪ್ಪು. ಖಾಲಿಯಾಗಿ ಕಾಣುವಂತೆ ಅದನ್ನು ಇಟ್ಟುಕೊಂಡಿದ್ದವನು ದನ ಮೇಯಿಸುವವನೇ. ಕುರಿಗಾಹಿಗಳ ಕಂಬಳಿ ನೇಯ್ಗೆ, ಗೊಲ್ಲರ ಹೈನು, ಕಿಲಾರಿಯ ಹಿಂಡು ಎಲ್ಲವೂ ಆ ಹುಲ್ಲಿನ ಲೆಕ್ಕದಲ್ಲೇ ನಿಂತಿದ್ದವು. ಪರಿಹಾರದ ಪಟ್ಟಿಯಲ್ಲಿ ಜಮೀನಿನ ಮಾಲೀಕನಿಗೆ ಜಾಗವಿರುತ್ತದೆ. ಮೇಯಿಸುವ ಹಕ್ಕು ಮಾತ್ರ ಇದ್ದವನು ಆ ಪಟ್ಟಿಗೆ ಸೇರುವುದೇ ಇಲ್ಲ. 2008ರಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅದೇ ವರ್ಷಗಳಲ್ಲಿ, ಮ್ಯಾಸನಾಯಕರೂ ಸೇರಿದ ಆ ಪಂಗಡದ ದನದ ಹುಲ್ಲು ಗೋಡೆಯ ಒಳಗೆ ಸೇರಿತು. ಪ್ರಾತಿನಿಧ್ಯಕ್ಕೂ ಮೇವಿಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಷ್ಟೆಲ್ಲ ಆದ ಮೇಲೂ ಕಿಲಾರಿಯನ್ನು ಉಳಿಸಲು ಮುಂದಿಡುವ ಸಲಹೆಗಳಲ್ಲಿ ಮುಖ್ಯವಾದುದು ಓಟವನ್ನು ದೊಡ್ಡದು ಮಾಡಿ, ಬಹುಮಾನ ಇಟ್ಟು, ಪ್ರವಾಸಿಗರನ್ನು ಕರೆಸುವುದು. ರೋಡಿಯೊದ ಚರಿತ್ರೆ ಇಲ್ಲಿ ಎಚ್ಚರ ಹೇಳುತ್ತದೆ. ಅಲ್ಲಿ ಬಯಲಿಗೆ ಮುಳ್ಳುತಂತಿ ಬಂದು, ದನವನ್ನು ರೈಲು ಸಾಗಿಸತೊಡಗಿದ ಮೇಲೆ ದನಗಾಹಿಯ ಕೆಲಸ ಹೋಯಿತು, ಅವನ ಆಟ ಉಳಿಯಿತು. ಆಟ ಶ್ರೀಮಂತವಾಯಿತು, ಆದರೆ ಅದನ್ನು ಹುಟ್ಟಿಸಿದ ಬದುಕು ಹಿಂದಿರುಗಲಿಲ್ಲ. ಚಳ್ಳಕೆರೆಯಲ್ಲಿ ಬದುಕು ಇನ್ನೂ ಪೂರ್ತಿ ಹೋಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪಶುಪಾಲಕರ ಮೇವಿನ ಹಕ್ಕನ್ನು ಸಮುದಾಯದ ಹಕ್ಕೆಂದು ಒಪ್ಪಿಕೊಂಡಿದೆ. ಅಳಿದುಳಿದ ಕಾವಲುಗಳನ್ನು ಅಳೆದು, ಯಾವ ಹಟ್ಟಿಯ ಹಿಂಡು ಎಲ್ಲಿ ಮೇಯುತ್ತಿತ್ತು ಎಂಬುದನ್ನು ಕಿಲಾರಿಗಳ ಬಾಯಿಂದಲೇ ಕೇಳಿ ಬರೆದುಕೊಂಡು, ಆ ಹಕ್ಕನ್ನು ಗ್ರಾಮಸಭೆಗಳ ಹೆಸರಿಗೆ ದಾಖಲಿಸುವುದು ಜಿಲ್ಲಾಡಳಿತ ಮಾಡಬಹುದಾದ ಕೆಲಸ. ಗೌರವಧನ, ಗೋಶಾಲೆ, ಹುಡುಗರ ವಸತಿಶಾಲೆ ಇವೆಲ್ಲ ಅದರ ನಂತರದ ಮಾತು. ಆ ಅಳತೆ ಮೊದಲು ನಡೆಯಲಿ, ಹಿರಿಯ ಕಿಲಾರಿಗಳು ಬದುಕಿರುವಾಗಲೇ ನಡೆಯಲಿ.